‘ಚಾಟ್‌ಜಿಪಿಟಿದಾಗ ನಿಮ್ ಅಂಗಡಿ ಹೆಸರು ಬರಂಗ ಮಾಡ್ತೀವಿ’ ಪ್ಯಾಕೇಜು: ಯಾವುದಕ್ಕ ರೊಕ್ಕ ಕೊಡಬೇಕು, ಯಾವುದಕ್ಕ ಬ್ಯಾಡ

ಈಗೀಗ ಕಲಬುರಗಿದಾಗ ಅಂಗಡಿ ಇಟ್ಕೊಂಡೋರಿಗೆ ಹೊಸಾ ನಮೂನಿ ಫೋನ್ ಬರ್ಲತ್ತಾವ. ಮೊದಲೆಲ್ಲ "ಗೂಗಲ್‌ನಾಗ ಫಸ್ಟ್ ಪೇಜಿಗೆ ತರ್ತೀವಿ ಸರ್" ಅಂತಿದ್ರು, ಈಗ "ಎಐ ಸರ್ಚ್‌ನಾಗ ನಿಮ್ ಹೆಸರು ಬರಂಗ ಮಾಡ್ತೀವಿ ಸರ್" ಅಂತಾರ. ಜಿಇಒ (ಜನರೇಟಿವ್ ಎಂಜಿನ್ ಆಪ್ಟಿಮೈಸೇಷನ್) ಅಂತ ಒಬ್ರು, ಎಇಒ (ಆನ್ಸರ್ ಎಂಜಿನ್ ಆಪ್ಟಿಮೈಸೇಷನ್) ಅಂತ ಇನ್ನೊಬ್ರು, ಸಾಮಾನು ಅದೇ ಡಬ್ಬಿ ಬ್ಯಾರೆ. ನಮ್ಮ ಕಾಕಾರದು ತೊಗರಿ ಬ್ಯಾಳಿ, ಕಡಕ್ ರೊಟ್ಟಿ, ಶೇಂಗಾ ಹಿಂಡಿ ಮಾರೋ ಅಂಗಡಿ, ಪುಣೆ ಬೆಂಗಳೂರು ಹೈದರಾಬಾದಿಗೆ ಕೊರಿಯರ್ ಮಾಡ್ತಾರ, ವೆಬ್‌ಸೈಟ್ ನೋಡ್ಕೊಳ್ಳೋ ಕೆಲಸ ನನ್ನ ತಲಿಗಿ ಬಂದದ, ಹಿಂಗಾಗಿ ಊರಾಗಿನ ಒಂದು ಸಣ್ಣ ಆಫೀಸಿನ ಕಡಿಂದ ಈ ಪ್ಯಾಕೇಜ್ ತಗೊಂಡು ನೋಡಿದ್ವಿ. ಆಫೀಸಿನ ಹೆಸರು ಬರಿಯಂಗಿಲ್ಲ. ಚಲೋ ಹುಡುಗ್ರೇ ಅವ್ರು, ಆದ್ರ ಬೈಯೋದೂ ಅದ, ಮ್ಯಾಲ ಇದೇ ಪ್ಯಾಕೇಜ್ ಎಲ್ಲಾ ಕಡಿ ಮಾರ್ಲತ್ತಾರ, ಹಿಂಗಾಗಿ ಹೆಸರಿಗಿಂತ ಒಳಗ ಏನೇನದ ಅಂತ ಹೇಳಿದ್ರ ಉಪಯೋಗ ಜಾಸ್ತಿ.

ರೇಟು: ಶುರುವಿಗೆ ಹದಿನೆಂಟು ಸಾವಿರ, ಆಮ್ಯಾಗ ತಿಂಗಳಿಗೆ ನಾಕು ಸಾವಿರ. ಕಾಕಾ ಮೊದಲ ಕೇಳಿದ್ದು "ಇದು ಖರೇನ ಬೇಕಾ ತಮ್ಮಾ, ನಮ್ಮ ಗಿರಾಕಿ ಯಾರು ಆ ಮಷೀನಿಗಿ ಕೇಳ್ತಾರ?" ಕೇಳ್ತಾರ ಕಾಕಾ. 2025ರ ಜುಲೈದಾಗ ಏರ್‌ಟೆಲ್‌ನೋರು ಪರ್‌ಪ್ಲೆಕ್ಸಿಟಿ ಪ್ರೊ ಒಂದ್ ವರ್ಷ ಪುಕ್ಕಟೆ ಅಂದ್ರು, ಆಮ್ಯಾಗ ಜಿಯೋದೋರು ಜೆಮಿನಿ ಕೊಟ್ರು, ನವೆಂಬರಿಗೆ ಚಾಟ್‌ಜಿಪಿಟಿ ಗೋನೂ ಒಂದ್ ವರ್ಷ ಪುಕ್ಕಟೆ ಆಯ್ತು, ಈಗ ಹಾಸ್ಟೆಲ್ ಹುಡುಗ್ರ ಕೈಯಾಗ ಎಲ್ಲಾರ ಕೈಯಾಗೂ ಒಂದೊಂದು ಅದ. ಅದು ಬಿಡ್ರಿ, ಗೂಗಲ್‌ನಾಗ ಸುಮ್ನ ಹುಡುಕಿದ್ರೂ ಮ್ಯಾಲ ಎಐ ಉತ್ತರ ಬರ್ತದ, 2024ರ ಆಗಸ್ಟ್‌ನಿಂದ ನಮ್ಮ ದೇಶದಾಗ ಅದು ಶುರು ಆಗ್ಯದ. ಮಂದಿ ಆ ಉತ್ತರ ಓದಿ ಅಲ್ಲೇ ನಿಂದರ್ತಾರ, ಕೆಳಗಿನ ಲಿಂಕ್ ಒತ್ತೋದು ಕಮ್ಮಿ ಆಗ್ಯದ. ಅಂದ್ರ ಆ ಉತ್ತರದಾಗ ನಮ್ಮ ಹೆಸರು ಇರ್ಬೇಕು ಅನ್ನೋ ಆಸೆ ತಪ್ಪಲ್ಲ. ಅದನ್ನ ಮಾರೋ ರೀತಿ ಮ್ಯಾಲ ನಂದು ತಕರಾರು.

ಪ್ಯಾಕೇಜ್‌ನಾಗ ಭಾಳ ಚಲೋ ಇದ್ದಿದ್ದು ಮೊದಲ್ನೇ ಕೆಲಸ, ಆಡಿಟ್, ಅಂದ್ರ ಸೈಟ್ ತಪಾಸಣಿ. ಅದನ್ನ ಮಾಡಿದ ಹುಡುಗ ನಮ್ಮ ಅಂಗಡಿಗೇ ಬಂದ, ಬ್ಯಾಳಿ ಚೀಲದ ಮ್ಯಾಲ ಲ್ಯಾಪ್‌ಟಾಪ್ ಇಟ್ಟ, ನಮ್ಮ ಸೈಟ್ ತೆಗೆದ, ಬಣ್ಣ ಬಣ್ಣ ಫೋಟೋ, ತೂಕ, ರೇಟು ಎಲ್ಲಾ ಬಂತು. ಆಮ್ಯಾಗ ಬ್ರೌಸರ್ ಸೆಟ್ಟಿಂಗಿಗಿ ಹೋಗಿ ಜಾವಾಸ್ಕ್ರಿಪ್ಟ್ (ಪೇಜಿನೊಳಗ ಓಡೋ ಕೋಡು) ಬಂದ್ ಮಾಡಿ ಮತ್ತ ರೀಲೋಡ್ ಮಾಡಿದ. ಬಿಳೀ ಪರದಿ. ಮ್ಯಾಲ ಟ್ಯಾಬ್‌ನಾಗ ಅಂಗಡಿ ಹೆಸರೊಂದು ಬಿಟ್ರ ಏನೂ ಇಲ್ಲ, ಬ್ಯಾಳಿನೂ ಇಲ್ಲ ರೊಟ್ಟಿನೂ ಇಲ್ಲ. "ಸಾವ್ಕಾರ್ರೆ, ಎಐ ಬಾಟ್ ಬಂದ್ರ ಅದಕ್ಕ ಕಾಣೋದು ಇಷ್ಟೇ ನೋಡ್ರಿ" ಅಂದ. ಕಾಕಾ ಕನ್ನಡಕ ಏರ್ಸಿ ಎರಡ್ ಸಲ ನೋಡಿ "ಶಟರ್ ಹಾಕಿದಂಗ ಅದಲ್ಲೋ" ಅಂದ್ರು.

ಇದು ಖರೇ ಮಾತು. ಬಾಟ್ ಅಂದ್ರ ಸೈಟಿಂದ ಸೈಟಿಗಿ ತಿರುಗಿ ಪೇಜ್ ಓದ್ಕೊಂಡು ಹೋಗೋ ಪ್ರೋಗ್ರಾಮು. ಗೂಗಲ್‌ನ ಬಾಟ್ ಜಾವಾಸ್ಕ್ರಿಪ್ಟ್ ಓಡಿಸಿ ಪೇಜ್ ಪೂರ್ತಿ ತಯಾರಾದ ಮ್ಯಾಲ ಓದ್ತದ, ಆದ್ರ ಓಪನ್‌ಎಐನ ಜಿಪಿಟಿಬಾಟ್, ಆಂತ್ರೋಪಿಕ್‌ನ ಕ್ಲಾಡ್‌ಬಾಟ್ ಹಂತಾವು ಸರ್ವರ್ ಕೊಟ್ಟ ಕಚ್ಚಾ ಎಚ್‌ಟಿಎಂಎಲ್ (ಪೇಜಿನ ಮೂಲ ಕೋಡು) ಅಷ್ಟೇ ತಗೊಂಡು ಹೋಗ್ತಾವ ಅಂತ 2024ರ ಕೊನಿಗೆ ವರ್ಸೆಲ್ ಕಂಪನಿಯೋರು ಪರೀಕ್ಷೆ ಮಾಡಿ ತೋರ್ಸ್ಯಾರ. ನಮ್ಮ ಸೈಟ್ ಹಿಂದಕ್ಕ ಒಬ್ಬ ಹುಡುಗ ರಿಯಾಕ್ಟ್ ಅನ್ನೋ ಜಾವಾಸ್ಕ್ರಿಪ್ಟ್ ಸಲಕರಣಿದಾಗ ಮಾಡಿಕೊಟ್ಟಿದ್ದ, ನೋಡಾಕ ಬೇಷ್ ಇತ್ತು, ಸರಕೆಲ್ಲ ಆಮ್ಯಾಗ ತುಂಬ್ಕೊಳ್ಳೋ ಪದ್ಧತಿ. ಈ ಆಫೀಸಿನೋರು ಅದನ್ನ ತೆಗೆದು ಸರ್ವರ್‌ನಿಂದಲೇ ಪೂರ್ತಿ ಪೇಜ್ ಬರಂಗ ಮಾಡಿದ್ರು, ಹಳ್ಳಿ ನೆಟ್‌ವರ್ಕ್‌ನಾಗೂ ಈಗ ಜಲ್ದಿ ತೆಗಿತದ, ಅದು ಮ್ಯಾಲಿನ ಲಾಭ. ಹದಿನೆಂಟು ಸಾವಿರದಾಗ ಇದೊಂದಕ್ಕೇ ಅರ್ಧ ರೊಕ್ಕ ವಸೂಲಿ ಅಂತ ನಾ ಹೇಳ್ತೀನಿ. ನಿಮ್ ಸೈಟ್ ಹ್ಯಾಂಗ ಅದ ಅಂತ ನೋಡಾಕ ಯಾರಿಗೂ ರೊಕ್ಕ ಕೊಡೋದು ಬ್ಯಾಡ, ಕಂಪ್ಯೂಟರ್‌ನಾಗ ಪೇಜ್ ಮ್ಯಾಲ ರೈಟ್ ಕ್ಲಿಕ್ ಮಾಡಿ ‘ವ್ಯೂ ಪೇಜ್ ಸೋರ್ಸ್’ ಒತ್ರಿ, ಅದ್ರಾಗ ನಿಮ್ ಸಾಮಾನಿನ ಹೆಸರು ಹುಡುಕ್ರಿ, ಸಿಗ್ಲಿಲ್ಲ ಅಂದ್ರ ಇದೇ ರೋಗ.

ಆಡಿಟ್‌ನಾಗ ಸಿಕ್ಕ ಇನ್ನೊಂದು ಸಂಗತಿ ನಮ್ಮ ಕಡಿ ಮಂದಿಗಿ ಎಲ್ಲಾರಿಗೂ ಲಾಗು ಆಗ್ತದ. ನಮ್ಮ ಸೈಟ್‌ನಾಗ ಕನ್ನಡ ಪೇಜ್ ಇತ್ತು, ಅದಕ್ಕ ಕಾಕಾಗ ಭಾಳ ಹೆಮ್ಮಿ. ಅರ್ಧ ಪೇಜು ಡಿಟಿಪಿ ಅಂಗಡ್ಯಾಗ ಮಾಡ್ಸಿದ ಪೋಸ್ಟರ್, ಅಂದ್ರ ಬರೇ ಫೋಟೋ. ಇನ್ನರ್ಧ ರೇಟ್ ಪಟ್ಟಿ, ಅದು ಹಳೇ ನುಡಿ ಫಾಂಟ್‌ನಾಗ ಟೈಪ್ ಮಾಡಿದ್ದು, ಎಲ್ಲಾ ಮಷೀನೂ ಓದೋ ಯೂನಿಕೋಡ್ ಅಕ್ಷರ ಅಲ್ಲ. ಆ ಫಾಂಟ್ ಸೈಟ್‌ನಾಗೇ ಕೂಡ್ಸಿದ್ರಿಂದ ನಮ್ಮ ಕಣ್ಣಿಗಿ ಚೆಂದ ಕನ್ನಡ ಕಾಣ್ತಿತ್ತು, ಆದ್ರ ಆ ಹುಡುಗ ಅದನ್ನ ಕಾಪಿ ಮಾಡಿ ನೋಟ್‌ಪ್ಯಾಡಿಗಿ ಹಾಕಿದಾಗ ಬಂದಿದ್ದು ಇಂಗ್ಲಿಷ್ ಅಕ್ಷರ, ಮ್ಯಾಲ ಟೋಪಿ, ಕೆಳಗ ಬಾಲ, ಯಾವ ಭಾಷೆನೂ ಅಲ್ಲ. ಬಾಟ್ ಓದೋದು ಅದನ್ನೇ. ಕನ್ನಡದಾಗ ಕೇಳಿದ್ರೂ ಎಐ ಉತ್ತರ ಕೊಡೋ ಕಾಲ ಬಂದದ, ಗೂಗಲ್‌ನ ಎಐ ಮೋಡ್‌ಗೂ (ಗೂಗಲ್‌ನಾಗೇ ಎಐ ಜೊತಿ ಮಾತಾಡಿ ಹುಡುಕೋದು) 2025ರಾಗ ಕನ್ನಡ ಸೇರ್ಯದ, ಆದ್ರ ಉತ್ತರ ಕೊಡಾಕ ಅದಕ್ಕ ಓದಾಕ ಬರೋ ಕನ್ನಡ ಬೇಕಲ್ಲ. ಪಟ್ಟಿ ಪೂರ್ತಿ ಯೂನಿಕೋಡಿಗಿ ತಿರುಗ್ಸಿದ್ರು, ಪೋಸ್ಟರ್‌ನಾಗಿಂದು ಬರಹ ಮಾಡಿದ್ರು. ನಮ್ಮ ಕಡಿ ಶಾಲಿ, ಸೊಸೈಟಿ, ಮಠದ ಸೈಟುಗಳು ಅರ್ಧಕ್ಕರ್ಧ ಇನ್ನೂ ಪೋಸ್ಟರ್ ಮ್ಯಾಲೇ ನಡಿಲತ್ತಾವ, ಅವ್ರಿಗೂ ಯಾರಾದ್ರು ಹೇಳ್ಬೇಕು.

ಆಮ್ಯಾಗ ಹೆಸರಿನ ಗದ್ದಲ. ನಮ್ಮ ಅಂಗಡಿ ಹೆಸರಿಟ್ಟು ಒಂದು ಎಐ ಆ್ಯಪ್‌ಗ ಕೇಳಿದ್ರ ಹಳೇ ಅಡ್ರೆಸ್ ಹೇಳ್ತಿತ್ತು, ಕಾಕಾ ಸೂಪರ್ ಮಾರ್ಕೆಟ್ ಕಡಿ ಇದ್ದ ಕಾಲದ್ದು, ಫೋನ್ ನಂಬರೂ ಬಂದ್ ಆದ ಲ್ಯಾಂಡ್‌ಲೈನು. ಎಲ್ಲಿಂದ ತಂತು ಅಂತ ನೋಡಿದ್ರ ಯಾವುದೋ ಡೈರೆಕ್ಟರಿ ಸೈಟ್‌ನಾಗ ‘ಗುಲ್ಬರ್ಗಾ’ ಅಂತ ಒಂದು ಎಂಟ್ರಿ, ಇನ್ನೊಂದ್ರಾಗ ‘ಕಲಬುರ್ಗಿ’, ಮತ್ತೊಂದ್ರಾಗ ‘ಕಲಬುರಗಿ’, ಮೂರಕ್ಕೂ ಮೂರು ಫೋನ್ ನಂಬರು. ಊರಿನ ಹೆಸರು ಸರಕಾರದ ಕಾಗದದಾಗ ಬದಲಾಗಿದ್ದು 2014ರ ನವೆಂಬರ್‌ದಾಗ, ಆದ್ರ ಪುಣೆ ಮಂದಿ ಇವತ್ತಿಗೂ ಗುಲ್ಬರ್ಗಾ ತೂರ್ ದಾಲ್ ಅಂತೇ ಹುಡುಕ್ತಾರ. ಮಷೀನಿಗಿ ಈ ಮೂರೂ ಒಂದೇ ಅಂಗಡಿ ಅಂತ ತಿಳಿಯೋದು ಹ್ಯಾಂಗ? ಈ ಆಫೀಸಿನೋರು ಕುಂತು ಎಲ್ಲಾ ಕಡಿ ಒಂದೇ ಹೆಸರು, ಒಂದೇ ಅಡ್ರೆಸ್, ಒಂದೇ ನಂಬರ್ ಮಾಡಿದ್ರು, ಸೈಟ್‌ನಾಗ ‘ಕಲಬುರಗಿ, ಹಿಂದಿನ ಗುಲ್ಬರ್ಗಾ’ ಅಂತ ಒಂದು ಸಾಲು ಹಾಕಿದ್ರು. ಬೇಸರ ಕೆಲಸ, ಯಾರಿಗೂ ಕಾಣಲ್ಲ, ಆದ್ರ ಇದಾದ ಮ್ಯಾಲೇ ಅಡ್ರೆಸ್ ಸರಿ ಬರ್ಲತ್ತದ.

ಇಲ್ಲೇ ಒಂದು ಮಾತು ಸೇರಿಸ್ತೀನಿ, ಮೈಕ್ರೋಸಾಫ್ಟ್‌ನ ಬಿಂಗ್ ಅನ್ನೋ ಸರ್ಚ್ ಎಂಜಿನ್ನ ನಮ್ಮ ಕಡಿ ಯಾರೂ ಮೂಸಿ ನೋಡಲ್ಲ. ಆದ್ರ ಚಾಟ್‌ಜಿಪಿಟಿ ವೆಬ್ ಹುಡುಕುವಾಗ ಹೊರಗಿನ ಸರ್ಚ್ ಕಂಪನಿಗಳ ಸಹಾಯ ತಗೋತದ, ಅದ್ರಾಗ ಬಿಂಗ್ ಒಂದು, ಮೈಕ್ರೋಸಾಫ್ಟ್ ಕೋಪೈಲಟ್ ಅಂತೂ ಬಿಂಗ್ ಮ್ಯಾಲೇ ನಿಂತದ. ಬಿಂಗ್ ವೆಬ್‌ಮಾಸ್ಟರ್ ಟೂಲ್ಸ್ (ಬಿಂಗ್‌ಗ ನಿಮ್ ಸೈಟ್ ತೋರ್ಸೋ ಸಲಕರಣಿ) ಪುಕ್ಕಟೆ, ಗೂಗಲ್‌ನ ಅಂಥಾದ್ದೇ ಸಲಕರಣಿ ಸರ್ಚ್ ಕನ್ಸೋಲ್‌ನಾಗ ನಿಮ್ ಸೈಟ್ ಇದ್ರ ಅಲ್ಲಿಂದ ಸೀದಾ ಇಂಪೋರ್ಟ್ ಆಗ್ತದ, ಚಾ ಆರೋದ್ರಾಗ ಮುಗಿಯೋ ಕೆಲಸ. ಇದನ್ನ ಬಿಲ್‌ನಾಗ ‘ಅಡ್ವಾನ್ಸ್‌ಡ್ ಎಐ ಇಂಡೆಕ್ಸಿಂಗ್’ ಅಂತ ಬರೆದು ಎರಡು ಸಾವಿರ ಹಾಕಿದ್ರು. ನಾ ಅದನ್ನ ಬಿಲ್‌ನಿಂದ ತೆಗಿಸಿದೆ.

ಬಾಟ್‌ಗಳನ್ನ ಒಳಗ ಬಿಡೋ ವಿಷಯದಾಗ ಹುಡುಗ್ರು ಅರ್ಧ ಸರಿ ಹೇಳಿದ್ರು, ಅರ್ಧ ಗೊಂದಲ ಮಾಡಿದ್ರು. ಸರಿ ಹೇಳಿದ್ದು ಇದು: ರೋಬಾಟ್ಸ್ ಫೈಲ್‌ನಾಗ ಯಾವ ಬಾಟ್‌ಗ ಬಾಗಲಾ ತೆಗೆದದ ಯಾವುದಕ್ಕ ಹಾಕ್ಯದ ಅಂತ ನೋಡ್ಬೇಕು, ಓಪನ್‌ಎಐದೇ ಬ್ಯಾರೆ ಬ್ಯಾರೆ ಬಾಟ್ ಅವ, ಜಿಪಿಟಿಬಾಟ್ ಮಾಡೆಲ್ ಕಲಿಸಾಕ ಸರಕು ಒಯ್ಯೋದು, ಓಎಐ-ಸರ್ಚ್‌ಬಾಟ್ ಹುಡುಕಾಟದ ಉತ್ತರದಾಗ ತೋರ್ಸಾಕ ಒಯ್ಯೋದು. ನಮ್ಮ ಬರಹ ಟ್ರೇನಿಂಗಿಗಿ ಬ್ಯಾಡ ಅನ್ನೋರು ಮೊದಲ್ನೇದನ್ನ ತಡೆದು ಎರಡ್ನೇದನ್ನ ಬಿಡಬಹುದು. ಕ್ಲೌಡ್‌ಫ್ಲೇರ್ (ಸೈಟಿನ ಮುಂದ ನಿಂತು ಕಾಯೋ ಸೇವೆ) ಬಳಸೋರು ಡ್ಯಾಶ್‌ಬೋರ್ಡ್ ಒಮ್ಮೆ ತೆಗೆದು ನೋಡ್ರಿ, 2025ರ ಜುಲೈದಿಂದ ಹೊಸಾ ಡೊಮೇನಿಗಿ ಎಐ ಕ್ರಾಲರ್ ತಡೆಯೋದೇ ಡಿಫಾಲ್ಟ್ ಮಾಡ್ಯಾರ, ಬೇಕಂದ್ರ ನಾವೇ ತೆಗಿಬೇಕು. ಗೊಂದಲ ಮಾಡಿದ್ದು ಇದು: ಗೂಗಲ್-ಎಕ್ಸ್‌ಟೆಂಡೆಡ್ ಅನ್ನೋದು ತೆಗೆದಿಟ್ಟಿಲ್ಲ ಅಂದ್ರ ಗೂಗಲ್‌ನ ಮ್ಯಾಲಿನ ಎಐ ಉತ್ತರದಾಗ ನಿಮ್ ಹೆಸರು ಬರಲ್ಲ ಅಂದ್ರು. ಹಂಗಲ್ಲ. ಅದು ಜೆಮಿನಿ ಕಲಿಕೆಗ ಸಂಬಂಧಪಟ್ಟ ಸ್ವಿಚ್, ಸರ್ಚ್‌ನ ಮ್ಯಾಲ ಬರೋ ಎಐ ಉತ್ತರ, ಅಂದ್ರ ಎಐ ಓವರ್‌ವ್ಯೂ, ನಡೆಯೋದು ಸಾದಾ ಗೂಗಲ್‌ಬಾಟ್ ಮ್ಯಾಲೇ. ಗೂಗಲ್‌ನವ್ರ ಸ್ವಂತ ದಾಖಲೆದಾಗೇ ಬರೆದಾರ, ಎಐ ಓವರ್‌ವ್ಯೂ ಎಐ ಮೋಡ್‌ನಾಗ ಬರಾಕ ಬ್ಯಾರೆ ವಿಶೇಷ ಆಪ್ಟಿಮೈಸೇಷನ್ ಏನೂ ಬೇಕಾಗಿಲ್ಲ ಅಂತ. ಆ ಪೇಜ್ ತೋರ್ಸಿದೆ, ಹುಡುಗ ಓದಿ "ಹಾಂ ಸರ್, ಇದು ಚೆಕ್ ಮಾಡ್ತೀನಿ" ಅಂದ. ಜಗಳ ಮಾಡ್ಲಿಲ್ಲ, ಅದಕ್ಕ ಒಂದ್ ಮಾರ್ಕ್ಸ್ ಜಾಸ್ತಿ.

ಈಗ ರೊಕ್ಕ ಕೊಡಬ್ಯಾಡ್ರಿ ಅನ್ನೋ ಸಾಮಾನು. ಮೊದಲ್ನೇದು ಎಲ್‌ಎಲ್‌ಎಂಎಸ್ ಡಾಟ್ ಟಿಎಕ್ಸ್‌ಟಿ ಅನ್ನೋ ಫೈಲು, ಬ್ಯಾರೆ ಚಾರ್ಜು ಮೂರೂವರೆ ಸಾವಿರ. 2024ರ ಸೆಪ್ಟೆಂಬರ್‌ದಾಗ ಜೆರೆಮಿ ಹೋವರ್ಡ್ ಅನ್ನೋರು ಒಂದು ಪ್ರಸ್ತಾವ ಇಟ್ರು, ಸೈಟ್‌ನಾಗ ಏನೇನದ ಅಂತ ಎಐಗ ಸರಳ ಬರಹದಾಗ ಒಂದು ಪಟ್ಟಿ ಕೊಡೋಣ ಅಂತ. ವಿಚಾರ ಕೆಟ್ಟದಲ್ಲ. ಆದ್ರ ಗೂಗಲ್‌ನವ್ರು ನಾವು ಅದನ್ನ ಬಳಸಲ್ಲ ಅಂತ ಹೇಳ್ಯಾರ, ಅಲ್ಲಿಯ ಜಾನ್ ಮ್ಯೂಲರ್ ಅದನ್ನ ಹಳೇ ಕೀವರ್ಡ್ಸ್ ಮೆಟಾ ಟ್ಯಾಗಿಗಿ ಹೋಲಿಸ್ಯಾರ, ಅಂದ್ರ ಸೈಟಿನೋರು ತಮ್ಮ ಬಗ್ಗೆ ತಾವೇ ಹೇಳ್ಕೊಳ್ಳೋದು, ಅದನ್ನ ನಂಬೋದು ಯಾಕ ಅಂತ. ಒಂದು ಸಾದಾ ಪಠ್ಯದ ಫೈಲು, ಬೇಕಂದ್ರ ನೀವೇ ಬರೆದು ಹಾಕ್ರಿ, ಹಾನಿ ಇಲ್ಲ. ಮೂರೂವರೆ ಸಾವಿರಕ್ಕ ನಮ್ಮಲ್ಲಿ ಹತ್ತಾರು ಕೆಜಿ ಬ್ಯಾಳಿ ಬರ್ತದ.

ಎರಡ್ನೇದು ಐವತ್ತು ಬ್ಲಾಗು. ಎಐ ಕಡಿಂದ ಬರೆಸಿ ಎಐಗೇ ಉಣ್ಸೋ ಯೋಜನಾ. ಸ್ಯಾಂಪಲ್ ಕಳಿಸ್ರಿ ಅಂದೆ, ಕಳಿಸಿದ್ರು. "ಶ್ರೀಮಂತ ಪರಂಪರೆಯ ನಗರಿ ಕಲಬುರಗಿಯ ಕೆಂಪು ಮಣ್ಣಿನಲ್ಲಿ ಬೆಳೆಯುವ" ಅಂತ ಶುರು. ಕೆಂಪು ಮಣ್ಣು! ಎರಿ ಭೂಮಿ ಸೀಮಿ ಇದು, ಮಳಿಗಾಲದಾಗ ಹೊಲಕ್ಕ ಹೋದ್ರ ಚಪ್ಪಲಿಗಿ ಎರಡೆರಡು ಕೆಜಿ ಕರೀ ಮಣ್ಣು ಹತ್ತಿ ಬರ್ತದ. ಕಾಕಾ ಓದಿ ಫೋನ್ ನನ್ನ ಕೈಗಿ ಕೊಟ್ಟು ಗಿರಾಕಿ ಕಡಿ ತಿರುಗಿದ್ರು, ಅಲ್ಲಿಗಿ ಆ ಐಟಂ ಮುಗೀತು. ಗೂಗಲ್‌ನವ್ರು ಕೂಡ 2024ರ ಮಾರ್ಚ್‌ದಾಗ ಹಿಂಗ ರಾಶಿಗಟ್ಟಲೆ ತಯಾರಿಸಿದ ಖಾಲಿ ಬರಹ ಸ್ಪ್ಯಾಮ್ ಅಂತ ನಿಯಮ ಬಿಗಿ ಮಾಡ್ಯಾರ, ಅಂದ್ರ ರೊಕ್ಕ ಕೊಟ್ಟು ಸೈಟ್ ಹೆಸರು ಕೆಡಿಸ್ಕೊಂಡಂಗ.

ಅದ್ರ ಬದಲಿ ನಾವು ಮಾಡಿದ್ದು ಹೇಳ್ತೀನಿ, ಯಾಕಂದ್ರ ಖರೇ ಉಪಯೋಗ ಆಗಿದ್ದು ಇಲ್ಲಿ. ವಾಟ್ಸಾಪ್‌ನಾಗ ಗಿರಾಕಿ ಏನ್ ಕೇಳ್ತಾರ ಅದನ್ನ ತೆಗೆದ್ವಿ. ಪಾಲಿಶ್ ಮಾಡಿದ ಬ್ಯಾಳಿ ಗುರ್ತು ಹಿಡಿಯೋದು ಹ್ಯಾಂಗ? ಫಟಕಾ ಅಂದ್ರ ಏನು? ಹೊಸಾ ಬ್ಯಾಳಿ ಯಾವ ತಿಂಗಳಿಗಿ ಬರ್ತದ? ಕಡಕ್ ರೊಟ್ಟಿ ಎಷ್ಟ್ ದಿನ ಇರ್ತದ? ಕಾಕಾ ಗಲ್ಲಾ ಮ್ಯಾಲ ಕುಂತು ಹೇಳ್ಕೋತ ಹೋದ್ರು, ನಾ ಫೋನ್‌ನಾಗ ರೆಕಾರ್ಡ್ ಮಾಡ್ದೆ. ಮುಂಗಾರಿಗಿ ಬಿತ್ತಿದ್ದು ಡಿಸೆಂಬರ್ ಜನವರಿಗಿ ರಾಶಿ ಆಗ್ತದ, ಹಿಂಗಾಗಿ ಹೊಸಾ ಬ್ಯಾಳಿ ಸಂಕ್ರಾಂತಿ ಆದ ಮ್ಯಾಲೇ ಕೇಳ್ರಿ. ಪಾಲಿಶ್ ಇಲ್ಲದ್ದು ಮಬ್ಬಾಗಿ ಕಾಣ್ತದ, ಮುಷ್ಟಿದಾಗ ತಿಕ್ಕಿದ್ರ ಅಂಗೈಗಿ ಹಿಟ್ಟು ಹತ್ತತದ, ಪಾಲಿಶ್ ಮಾಡಿದ್ದು ಮಿಂಚ್ತದ, ಕೈ ಸ್ವಚ್ಛ ಇರ್ತದ. ಮಿಲ್‌ನಾಗ ಒಡೆದು ಉಳಿದ ನುಚ್ಚು ಚುನಿ, ಅದು ದನಕ್ಕ ಹೋಗ್ತದ, ಸಸ್ತಾ ಬ್ಯಾಳಿದಾಗ ಅದು ಬೆರೆತಿದ್ರ ಚೀಲದ ತಳದಾಗ ನೋಡ್ರಿ. ಕಲಬುರಗಿ ತೊಗರಿ ಬ್ಯಾಳಿಗೆ 2019ರಾಗ ಜಿಐ ಟ್ಯಾಗ್ ಬಂದದ ಅಂತ ಹಾಕಿದ್ವಿ, ಅದ್ರ ಸರಕಾರಿ ದಾಖಲೆಗೇ ಲಿಂಕ್ ಕೊಟ್ವಿ. ಒಂದೊಂದು ಪ್ರಶ್ನೆ ಹೆಡ್ಡಿಂಗು, ಕೆಳಗ ಮೊದಲ್ನೇ ಎರಡ್ ಸಾಲಿನಾಗೇ ಉತ್ತರ, ಆಮ್ಯಾಗ ವಿವರ. ಒಂದು ಪೇಜಿನ ಮ್ಯಾಲ ಕಾಕಾರ ಮಾತು ಹಂಗೇ ಅವರ ಹೆಸರಿನಿಂದ ಹಾಕಿದ್ವಿ.

ಇದು ನಮ್ಮ ಅಂದಾಜಷ್ಟೇ ಅಲ್ಲ. ಜಿಇಒ ಅನ್ನೋ ಹೆಸರು ಹುಟ್ಟಿದ್ದೇ 2023ರ ಒಂದು ಸಂಶೋಧನಾ ಬರಹದಿಂದ, ಪ್ರಿನ್ಸ್‌ಟನ್, ಐಐಟಿ ದಿಲ್ಲಿಯೋರು ಎಲ್ಲಾ ಸೇರಿ ಮಾಡಿದ್ದು. ಅದ್ರಾಗ ಅಂಕಿ ಸಂಖ್ಯೆ, ಬಲ್ಲವರ ನೇರ ಮಾತು, ಮೂಲದ ಉಲ್ಲೇಖ ಇವು ಸೇರಿಸಿದ್ರ ಎಐ ಉತ್ತರದಾಗ ಕಾಣೋದು ಶೇಕಡಾ 40ರ ತನಕ ಹೆಚ್ಚಿತು, ಒಂದೇ ಶಬ್ದ ಮತ್ತ ಮತ್ತ ತುರುಕೋ ಹಳೇ ಚಾಲಾಕಿ ಕೆಲಸಕ್ಕ ಬರ್ಲಿಲ್ಲ ಅಂತ ಅದ. ಆಫೀಸಿನ ಹುಡುಗ್ರು ಆ 40 ಅಷ್ಟೇ ಹಿಡ್ಕೊಂಡು ಬ್ರೋಷರ್‌ನಾಗ ದೊಡ್ಡದಾಗಿ ಹಾಕ್ಯಾರ, ‘ತನಕ’ ಅನ್ನೋದು ಎಲ್ಲಿ ಹೋಯ್ತೋ ಏನೋ.

ಸ್ಕೀಮಾ ಬಗ್ಗೆ ಜಾಸ್ತಿ ಹೇಳಲ್ಲ. ಅಂಗಡಿ ಹೆಸರು, ಅಡ್ರೆಸ್, ಟೈಮು, ರೇಟು ಮಷೀನಿಗಿ ತಿಳಿಯೋ ರೀತಿ ಕೋಡ್‌ನಾಗ ಬರೆಯೋದು, ಮಾಡ್ಸ್ರಿ, ಜಾದು ಅಂತ ನಂಬಬ್ಯಾಡ್ರಿ. ಒಂದೇ ತಕರಾರು, ಅವ್ರು ಬ್ಯಾರೆ ಗಿರಾಕಿದು ಕೋಡ್ ಕಾಪಿ ಹೊಡೆದು ಹಾಕಿದ್ರು, ಅದ್ರಾಗ ನಮಗ 4.9 ಸ್ಟಾರ್ ರೇಟಿಂಗ್ ಬಂದು ಕುಂತಿತ್ತು. ಯಾರು ಕೊಟ್ಟಿದ್ದು ಅಂದ್ರ ಯಾರಿಗೂ ಗೊತ್ತಿಲ್ಲ. ತಗಿಸಿದೆ. ತಮಗ ತಾವೇ ರೇಟಿಂಗ್ ಕೊಟ್ಕೊಳ್ಳೋದು ಗೂಗಲ್ ನಿಯಮಕ್ಕೂ ವಿರುದ್ಧ, ಊರಾಗ ಮರ್ಯಾದಿನೂ ಹೋಗ್ತದ.

ತಿಂಗಳ ರಿಪೋರ್ಟ್ ಅಂತೂ ಪೂರ್ತಿ ಬಂಡಲ್. ಚಂದ ಪಿಡಿಎಫ್, ಹಸಿರು ಬಾಣ ಮ್ಯಾಲ ಹೋಗೋದು, "ಎಐ ರ‍್ಯಾಂಕ್: 2" ಅಂತ. ಎಐದಾಗ ರ‍್ಯಾಂಕ್ ಅನ್ನೋದೇ ನಿಂತ ನೀರಲ್ಲ, ಒಂದೇ ಪ್ರಶ್ನೆ ನಾ ಕೇಳಿದ್ರ ಒಂದ್ ಉತ್ತರ, ಪುಣೆದಾಗ ನಮ್ಮ ಅಕ್ಕ ಕೇಳಿದ್ರ ಇನ್ನೊಂದು, ಸಂಜಿಕಡಿ ಮತ್ತ ಕೇಳಿದ್ರ ಮತ್ತೊಂದು. ಅವರ ಸ್ಕ್ರೀನ್‌ಶಾಟ್ ಅವರದೇ ಅಕೌಂಟಿಂದ ತೆಗೆದಿದ್ದು, ಇಡೀ ದಿನ ನಮ್ಮ ಅಂಗಡಿ ಬಗ್ಗೇನೇ ಮಾತಾಡಿದ ಅಕೌಂಟ್ ಅದು, ನಮ್ಮ ಹೆಸರು ಹೇಳ್ದೇ ಇನ್ಯಾರ ಹೆಸರು ಹೇಳ್ಬೇಕು. ಖರೇ ಲೆಕ್ಕ ಬೇಕಂದ್ರ ನಿಮ್ ಅನಲಿಟಿಕ್ಸ್ (ಸೈಟಿಗಿ ಯಾರು ಎಲ್ಲಿಂದ ಬಂದ್ರು ಅನ್ನೋ ಲೆಕ್ಕ) ನೋಡ್ರಿ, ಚಾಟ್‌ಜಿಪಿಟಿ ಲಿಂಕ್ ಒತ್ತಿ ಬಂದೋರು ತೆಗೆದ ಪೇಜಿನ ವೆಬ್ ವಿಳಾಸದ ಬಾಲಕ್ಕ ಚಾಟ್‌ಜಿಪಿಟಿ ಡಾಟ್ ಕಾಮ್ ಅಂತ ಗುರ್ತು ಹತ್ತಿರ್ತದ, ಪರ್‌ಪ್ಲೆಕ್ಸಿಟಿಂದ ಬಂದೋರೂ ರೆಫರಲ್‌ನಾಗ ಕಾಣ್ತಾರ. ಮ್ಯಾಲ ಹೊಸಾ ಗಿರಾಕಿ ಮೆಸೇಜ್ ಹಾಕಿದಾಗ "ನಮ್ಮ ಬಗ್ಗೆ ಎಲ್ಲಿ ತಿಳೀತ್ರಿ" ಅಂತ ಒಂದ್ ಮಾತು ಕೇಳ್ರಿ. ನಾಕು ಸಾವಿರದ ಪಿಡಿಎಫ್‌ಗಿಂತ ಅದು ಗಟ್ಟಿ. ತಿಂಗಳ ಕಂತು ನಾವು ಬಿಡಿಸಿದ್ವಿ.

ಫಲ ಏನು ಅಂದ್ರ, ಪಾಲಿಶ್ ಬ್ಯಾಳಿ ಗುರ್ತಿಸೋದು ಹ್ಯಾಂಗ ಅಂತ ಕೇಳಿದ್ರ ಒಮ್ಮೊಮ್ಮೆ ನಮ್ಮ ಪೇಜ್ ಲಿಂಕ್ ಬರ್ತದ, ಒಮ್ಮೊಮ್ಮೆ ಬರಲ್ಲ. ಗುಲ್ಬರ್ಗಾ ತೂರ್ ದಾಲ್ ಕೊರಿಯರ್ ಯಾರು ಮಾಡ್ತಾರ ಅಂದ್ರ ನಾಕೈದು ಹೆಸರಿನಾಗ ನಮ್ಮದೂ ಇರ್ತದ. "ಇಂಡಿಯಾದಾಗ ಬೆಸ್ಟ್ ತೊಗರಿ ಬ್ಯಾಳಿ ಯಾವುದು" ಅಂದ್ರ ದೊಡ್ಡ ದೊಡ್ಡ ಪ್ಯಾಕೆಟ್ ಕಂಪನಿಗಳೇ, ನಮ್ಮ ಸುದ್ದಿನೇ ಇಲ್ಲ, ಬರೋದೂ ಇಲ್ಲ. ಪುಣೆದ ಒಬ್ಬ ಹೆಣ್ಣುಮಗಳು "ಎಐ ಹೇಳ್ತು, ನಿಮ್ಮಲ್ಲಿ ಚುನಿ ಬೆರೆಸಲ್ಲಂತ" ಅಂತ ಫೋನ್ ಮಾಡಿ ಐದು ಕೆಜಿ ತರ್ಸಿದ್ಲು, ಕಾಕಾ ಅವತ್ತು ಬಂದೋರಿಗೆಲ್ಲ ಆ ಕತಿ ಹೇಳಿದ್ರು. ಆರ್ಡರ್ ಬರ್ಲತ್ತಾವ, ಆದ್ರ ಇವತ್ತಿಗೂ ಹೆಚ್ಚಿನೋರು ಹಳೇ ಗಿರಾಕಿ ಹೇಳಿದ್ರು ಅಂತೇ ಬರೋರು.

ಐದಕ್ಕ ಮೂರು ಸ್ಟಾರ್ ಕೊಡ್ತೀನಿ. ಆಡಿಟ್‌ಗ ಐದು, ಹೆಸರು ಅಡ್ರೆಸ್ ಸರಿ ಮಾಡಿದ್ದಕ್ಕ ಐದು, ರಿಪೋರ್ಟಿಗಿ ಸೊನ್ನೆ. ಈ ನಮೂನಿ ಆಫೀಸಿಗಿ ಹೋಗೋರು ಪೂರ್ತಿ ಪ್ಯಾಕೇಜ್ ಅನ್ನಬ್ಯಾಡ್ರಿ, ಆಡಿಟ್ ಮತ್ತ ರಿಪೇರಿ ಅಷ್ಟೇ ಬ್ಯಾರೆ ಮಾಡಿ ರೇಟ್ ಕೇಳ್ರಿ, ನಮಗ ಮಾತಾಡಿ ಹನ್ನೊಂದು ಸಾವಿರಕ್ಕ ಇಳೀತು. ಗ್ಯಾರಂಟಿ ಕೊಡ್ತೀವಿ ಅಂದೋರ ಕಡಿ ಹೋಗಲೇಬ್ಯಾಡ್ರಿ. ಡೊಮೇನ್ ಮತ್ತ ಗೂಗಲ್ ಅಕೌಂಟಿನ ಪಾಸ್‌ವರ್ಡ್ ನಿಮ್ ಹತ್ರನೇ ಇರ್ಲಿ, ಅವ್ರಿಗೆ ಮ್ಯಾನೇಜರ್ ಆ್ಯಕ್ಸೆಸ್ ಕೊಟ್ರ ಸಾಕು. ಜಿಎಸ್‌ಟಿ ಬಿಲ್ ಕೇಳಿ ತಗೊಳ್ರಿ, ಕೇಳ್ದೇ ಕೊಡಲ್ಲ.